ಗಾಳಿ ಹೊಕ್ಕ ಕಾರು

ಇನ್ನಂಜೆಯ ಮೋಹಿನಿಗೆ ಯಾವುದನ್ನೂ ಬಿಚ್ಚಿ ನೋಡದೆ ಕೊಳ್ಳುವ ಅಭ್ಯಾಸವಿಲ್ಲ. ಮಲ್ಲಿಗೆಯ ಚೆಂಡಾದರೆ ಮೇಲಿನ ಸುತ್ತು ಸರಿಸಿ ನಡುವಿನ ಮೊಗ್ಗು ನೋಡುತ್ತಾಳೆ, ಬಂಗುಡೆ ಮೀನಾದರೆ ಕಿವಿರು ಎತ್ತುತ್ತಾಳೆ. ಗಂಡನನ್ನು ಮಾತ್ರ ಹಾಗೆ ನೋಡಲು ಮನೆಯವರು ಬಿಡಲಿಲ್ಲವೆಂದು ಈಗಲೂ ನಗುತ್ತಾಳೆ. ಅಂಥವಳು ಶುಕ್ರವಾರ ಉಡುಪಿಯಲ್ಲಿ ರೋನಿಯ ಬಿಡಿಭಾಗಗಳ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಒಳಗೆ ಹೋಗಿ, "ಕಾರಿನ ಜ್ವರ ನೋಡುವ ಮಿಷನ್ ಉಂಟಲ್ಲ, ಮನೆಯಲ್ಲಿ ಇಟ್ಟುಕೊಳ್ಳುವಂಥದ್ದು, ಅದನ್ನು ತೋರಿಸಿ" ಎಂದಳು.

ಕಾರಿಗೆ ಜ್ವರ ಇದ್ದದ್ದು ನಿಜ. ಅವಳ ಹಳೆಯ ಬಿಳಿ ಕಾರಿನ ಮೀಟರಿನಲ್ಲಿ ಇಂಜಿನ್ ಆಕಾರದ ಹಳದಿ ದೀಪ ದಸರಾ ಕಳೆದಾಗಿನಿಂದ ಹತ್ತಿಕೊಂಡು ಕೂತಿತ್ತು. ಸಿಗ್ನಲ್ಲಿನಲ್ಲಿ ನಿಂತರೆ ಇಡೀ ಕಾರು ಚಳಿ ಹಿಡಿದವರ ಹಾಗೆ ನಡುಗುತ್ತಿತ್ತು. ಕಾಪುವಿನ ಗ್ಯಾರೇಜಿನವನು ತನ್ನ ಯಂತ್ರ ಚುಚ್ಚಿ ದೀಪ ಆರಿಸಿ ಕಳಿಸಿದ. ಅದು ಮತ್ತೆ ಹತ್ತಿತು. ಆಮೇಲೆ ಒಂದು ಸೆನ್ಸರನ್ನೇ ಬದಲಿಸಿದ, ಆಗಲೂ ಹತ್ತಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ವೈದ್ಯರು ಎಲ್ಲ ಕಡೆಯೂ ಇರುತ್ತಾರೆ.

ಇಷ್ಟಾದ ಮೇಲೆ ಗಂಡ ಶೇಖರ, "ಸಾಕು, ಮಾರಿಬಿಡುವ" ಎಂದ. ಮಸ್ಕತ್ತಿನಲ್ಲಿ ಇಪ್ಪತ್ತು ವರ್ಷ ಗೋದಾಮು ನೋಡಿಕೊಂಡು, ಹೋದ ವರ್ಷ ಊರಿಗೆ ಬಂದು ನಿಂತವನು. ಕುಕ್ಕುಂದೂರಿನ ಯಾರೋ ಒಬ್ಬರು ಭಾನುವಾರ ಕಾರು ನೋಡಲು ಬರುವವರಿದ್ದರು. ಕೇರಿಯ ಹೆಂಗಸರು ಬಾಳೆನಾರಿನಲ್ಲಿ ಕಟ್ಟಿದ ಮಲ್ಲಿಗೆಯನ್ನು ಮೋಹಿನಿಯೇ ಶಿರ್ವ, ಬೆಳ್ಮಣ್ ದಾಟಿ ಕಾರ್ಕಳದವರೆಗೆ ಒಯ್ಯುತ್ತಿದ್ದಳು. ಕಾರು ಹೋದರೆ ಹೂವನ್ನು ಬೇರೆ ಯಾರದಾದರೂ ವ್ಯಾನಿಗೆ ಹಾಕಬಹುದು, ಹೂವಿಗೆ ಏನೂ ಆಗುವುದಿಲ್ಲ. ಆದರೆ ಸ್ಟಿಯರಿಂಗ್ ಹಿಡಿದು ಒಬ್ಬಳೇ ಹೋಗುವ ಆ ದಾರಿ, ಕಾರ್ಕಳದಲ್ಲಿ "ಮಲ್ಲಿಗೆ ಅಕ್ಕ ಬಂದರು" ಎನ್ನುವ ಆ ಮಾತು, ಅದೆಲ್ಲ ಹೋಗುತ್ತಿತ್ತು. ನಲವತ್ತೆಂಟನೆಯ ವಯಸ್ಸಿನಲ್ಲಿ ಲೈಸೆನ್ಸ್ ಮಾಡಿಸಿಕೊಂಡವಳಿಗೆ ಅದು ಸಣ್ಣ ವಿಷಯವಲ್ಲ.

"ಭಾನುವಾರದೊಳಗೆ ಕಾರು ಸರಿಯಾಗದಿದ್ದರೆ ಕೀಲಿಕೈ ನಾನೇ ಕೊಡುತ್ತೇನೆ" ಎಂದು ಅವಳು ಗಂಡನಿಗೆ ಮಾತು ಕೊಟ್ಟಿದ್ದಳು. ಮಾತು ಕೊಡುವಾಗ ಅವಳಿಗೆ ಒಂದಿಷ್ಟೂ ಅಳುಕಿರಲಿಲ್ಲ. ಕೆಟ್ಟದ್ದಕ್ಕೆ ಒಂದು ಕಾರಣ ಇದ್ದೇ ಇರುತ್ತದೆ, ಕಾರಣ ಇದ್ದರೆ ಅದು ಕೈಗೆ ಸಿಕ್ಕೇ ಸಿಗುತ್ತದೆ ಎನ್ನುವವಳು ಅವಳು.

ರೋನಿ ಮೇಜಿನ ಮೇಲೆ ಮೂರು ಬಗೆ ಇಟ್ಟ. ಬೆಂಕಿಪೊಟ್ಟಣದಷ್ಟು ಚಿಕ್ಕದೊಂದು, ಬ್ಲೂಟೂತಿನಲ್ಲಿ ಮೊಬೈಲಿಗೆ ಸೇರುವಂಥದ್ದು. ವೈರು ಮತ್ತು ಸಣ್ಣ ಪರದೆ ಇರುವ ಇನ್ನೊಂದು. ಮೂರನೆಯದು ಚೀಲದಲ್ಲಿ ಬರುವ ದೊಡ್ಡ ಟ್ಯಾಬ್.

"ಚಿಕ್ಕದು ಅಗ್ಗ ಅಕ್ಕ. ಎಲ್ಲರೂ ಅದನ್ನೇ ಕೇಳುವುದು."

"ಎಲ್ಲರ ಕಾರಿಗೆ ಅಲ್ಲ ಮಾರಾಯ, ನನ್ನ ಕಾರಿಗೆ. ಬನ್ನಿ, ಚುಚ್ಚಿ ನೋಡುವ."

ರೋನಿ ನಗುತ್ತ ಹೊರಗೆ ಬಂದ. ಸ್ಟಿಯರಿಂಗಿನ ಅಡಿಯ ಕಿಂಡಿಗೆ ಚಿಕ್ಕದನ್ನು ಸಿಕ್ಕಿಸಿದರು. ಅದರಲ್ಲಿ ದೀಪವೇನೋ ಮಿನುಗಿತು, ಆದರೆ ಮೊಬೈಲಿನಲ್ಲಿ ಚಕ್ರ ತಿರುಗುತ್ತಲೇ ಉಳಿಯಿತು. "ಕೆಲವು ಪೀಸು ಕೆಲವು ಕಾರಿಗೆ ಮಾತಾಡುವುದಿಲ್ಲ" ಎಂದು ರೋನಿ ಒಪ್ಪಿಕೊಂಡ. ದೊಡ್ಡ ಟ್ಯಾಬು ಬ್ರೇಕು, ಏರ್‌ಬ್ಯಾಗು, ಕೀಲಿಕೈ ಎಲ್ಲದರ ಜಾತಕ ಹೇಳುತ್ತದಂತೆ, ಆದರೆ ವರ್ಷವರ್ಷವೂ ಅಪ್‌ಡೇಟಿಗೆ ಕಟ್ಟುತ್ತಿರಬೇಕು. "ಒಂದು ದನಕ್ಕೆ ಡೈರಿ ಕಟ್ಟಿಸುವುದು ಎಂತಕ್ಕೆ?" ಎಂದು ಮೋಹಿನಿ ಅದನ್ನು ಅಲ್ಲೇ ಬಿಟ್ಟಳು.

ಉಳಿದದ್ದು ವೈರಿನದ್ದು. ಸಿಕ್ಕಿಸಿದ ಕೂಡಲೇ ಅದು ಒಂದು ಅಕ್ಷರ, ನಾಲ್ಕು ಅಂಕೆಯ ಕೋಡನ್ನು ತೋರಿಸಿತು. ರೋನಿ ಓದಿ ಹೇಳಿದ. "ಪೆಟ್ರೋಲಿಗೆ ಹೋಲಿಸಿದರೆ ಗಾಳಿ ಹೆಚ್ಚು ಅಂತ ಬರುತ್ತಾ ಉಂಟು. ಇಂಜಿನ್ನಿಗೆ ಎಲ್ಲಿಂದಲೋ ಗಾಳಿ ಹೊಕ್ಕಿದೆ ಅಕ್ಕ."

"ಎಲ್ಲಿಂದ?"

"ಅದನ್ನು ಇದು ಹೇಳುವುದಿಲ್ಲ. ಡಾಕ್ಟರ ಥರ್ಮಾಮೀಟರ್ ಜ್ವರ ಉಂಟು ಅಂತ ಹೇಳುತ್ತದೆ, ಯಾಕೆ ಅಂತ ಹೇಳುತ್ತದಾ? ಇಂಜಿನ್ ಓಡುತ್ತಿರುವಾಗಲೇ ಅಂಕೆಗಳು ಬದಲಾಗುವುದನ್ನು ಇದು ತೋರಿಸುತ್ತದೆ. ಈ ಸಾಲು ನೋಡಿ, ಇಪ್ಪತ್ತರ ಮೇಲುಂಟು. ಸೊನ್ನೆಯ ಹತ್ತಿರ ಇರಬೇಕಾದದ್ದು. ರಬ್ಬರ್ ಪೈಪುಗಳನ್ನು ಒಂದೊಂದಾಗಿ ಒತ್ತಿ ನೋಡಿ. ಯಾವುದನ್ನು ಒತ್ತಿದಾಗ ಇದು ಇಳಿಯುತ್ತದೋ ಅಲ್ಲಿ ಕಳ್ಳ ಉಂಟು. ಫ್ಯಾನು ಬೆಲ್ಟಿನ ಹತ್ತಿರ ಮಾತ್ರ ಕೈ ಹಾಕಬೇಡಿ."

ಅಷ್ಟು ಸಾಕಾಯಿತು. ಕೋಡು ಓದುತ್ತದೆ, ಅಳಿಸುತ್ತದೆ, ಓಡುವ ಅಂಕೆ ತೋರಿಸುತ್ತದೆ, ಮೊಬೈಲನ್ನು ಕಾಡುವುದಿಲ್ಲ. ಗ್ಯಾರೇಜಿನವನು ಆ ಬೇಡದ ಸೆನ್ಸರಿಗೆ ತೆಗೆದುಕೊಂಡದ್ದಕ್ಕಿಂತ ಇದರ ಬೆಲೆಯೂ ಕಡಿಮೆ. ಮೋಹಿನಿ ಅದನ್ನೇ ಕೊಂಡಳು.

ಮನೆಗೆ ಬಂದಾಗ ಶೇಖರ ತೋಟದಲ್ಲಿದ್ದ. ಅವಳು ಅಂಗಳದಲ್ಲೇ ಬಾನೆಟ್ ಎತ್ತಿ, ಇಂಜಿನ್ ಓಡಲು ಬಿಟ್ಟು, ಪರದೆಯನ್ನು ಗಾಜಿನ ಆಚೆಗೆ ಕಾಣುವಂತೆ ಡ್ಯಾಶ್‌ಬೋರ್ಡಿನ ಮೇಲಿಟ್ಟಳು. ತಲೆಗೂದಲು ಬಿಗಿದು ಕಟ್ಟಿಕೊಂಡು ಒಂದೊಂದೇ ಪೈಪು ಒತ್ತುತ್ತ ಹೋದಳು. ಅಂಕೆ ಕದಲಲಿಲ್ಲ. ಕೊನೆಗೆ ಹಿಂದಿನ ಮೂಲೆಯಲ್ಲಿ, ಪ್ಲಾಸ್ಟಿಕ್ ಮುಚ್ಚಳದ ಮರೆಯಲ್ಲಿದ್ದ ಬೆರಳು ದಪ್ಪದ ಪೈಪಿಗೆ ಕೈ ತಾಗಿದಾಗ ಸುಯ್ ಎನ್ನುವ ಸದ್ದು ಕೇಳಿಸಿತು. ಪೈಪಿನ ಬಾಯಿ ಅರ್ಧ ಕಳಚಿಕೊಂಡಿತ್ತು. ಒತ್ತಿ ಕೂರಿಸಿದಳು. ಸದ್ದು ನಿಂತಿತು, ನಡುಕ ನಿಂತಿತು. ಪರದೆಯ ಮೇಲಿನ ಅಂಕೆ ಇಳಿಯುತ್ತ ಇಳಿಯುತ್ತ ಸೊನ್ನೆಯ ನೆರೆಮನೆಗೆ ಬಂದು ಕೂತಿತು. "ಸಿಕ್ಕಿದೆಯಲ್ಲ ಕಳ್ಳ!" ಎಂದು ಅವಳು ಗಟ್ಟಿಯಾಗಿಯೇ ಹೇಳಿದಳು.

ಆದರೆ ಪೈಪು ತಾನಾಗಿ ಕಳಚಿರಲಿಲ್ಲ. ಅದಕ್ಕೆ ಕಪ್ಪು ನೂಲಿನಲ್ಲಿ ಒಂದು ಲಿಂಬೆಹಣ್ಣು ಕಟ್ಟಿದ್ದರು. ಒಣಗಿ ಕಲ್ಲಾಗಿದ್ದ ಆ ಲಿಂಬೆ ಬೆಳ್ಮಣ್ಣಿನ ರಸ್ತೆಯ ಹೊಂಡಹೊಂಡಕ್ಕೂ ತೂಗಾಡಿ, ಪೈಪನ್ನು ಜಗ್ಗಿ ಜಗ್ಗಿ ಹೊರಗೆಳೆದಿತ್ತು. ಗ್ಯಾರೇಜಿನವನಿಗೆ ಇದು ಕಂಡಿರಲೇಬೇಕು. ಆದರೆ ಮಂತ್ರಿಸಿ ಕಟ್ಟಿದ ನೂಲಿಗೆ ಈ ಸೀಮೆಯ ಯಾವ ಮೆಕ್ಯಾನಿಕ್ ಕೈ ಹಾಕುತ್ತಾನೆ? ಇಂಜಿನ್ ಬೇಕಾದರೆ ಬಿಚ್ಚಿಯಾನು, ಅದನ್ನು ಮುಟ್ಟಲಾರ.

ಗಾಳಿ ತಾಗದಿರಲಿ, ಸೋಂಕು ಹತ್ತದಿರಲಿ ಎಂದು ಯಾರೋ ಕಟ್ಟಿದ ನೂಲು ಇಂಜಿನ್ನಿಗೇ ಗಾಳಿ ಹೊಗಿಸಿತ್ತು. ಮೋಹಿನಿಗೆ ನಗು ಬಂತು. ನೂಲು ಬಿಚ್ಚಲು ಹೋದವಳು ಗಂಟು ನೋಡಿದಳು, ನಗು ಅಲ್ಲಿಗೇ ನಿಂತಿತು. ಮೂರು ಸುತ್ತು, ಒಂದು ತಿರುವು, ತುದಿಯನ್ನು ಒಳಗಿನಿಂದ ತಂದು ಬಿಗಿದದ್ದು. ಮಸ್ಕತ್ತಿನಿಂದ ರಜೆಗೆ ಬರುವಾಗಲೆಲ್ಲ ಶೇಖರನ ಪೆಟ್ಟಿಗೆಗಳ ಹಗ್ಗಕ್ಕೆ ಇರುತ್ತಿದ್ದದ್ದು ಇದೇ ಗಂಟು. ಊರಿನಲ್ಲಿ ಅದನ್ನು ಕತ್ತರಿ ಇಲ್ಲದೆ ಬಿಚ್ಚಲು ಬರುತ್ತಿದ್ದದ್ದು ಅವಳೊಬ್ಬಳಿಗೇ.

ನೂಲು ಮಂತ್ರ ಎಂದರೆ ಮೂಗು ಮುರಿಯುವ ಮನುಷ್ಯ! ಬಂಪರಿಗೆ ಕಟ್ಟಿದರೆ ಹೆಂಡತಿಗೆ ಕಾಣುತ್ತದೆಂದು ಬಾನೆಟ್ಟಿನೊಳಗೆ, ಅದೂ ಹಿಂದಿನ ಮೂಲೆಯಲ್ಲಿ ಕಟ್ಟಿದ್ದಾನೆ. ಅವಳು ಲಿಂಬೆಯನ್ನು ಕಾರಿನ ಖಾನೆಯೊಳಗಿಟ್ಟು, ಪೈಪಿಗೆ ಒಂದು ಕ್ಲಿಪ್ಪು ಹಾಕಿ, ಕೋಡು ಅಳಿಸಿದಳು.

ಶನಿವಾರ ಹೂ ತುಂಬಿಕೊಂಡು ಕಾರ್ಕಳಕ್ಕೆ ಹೋದಳು. ಏರಿನಲ್ಲಿ ಕಾರು ಮೊದಲಿನ ಹಾಗೆ ಸಲೀಸಾಗಿ ಹತ್ತಿತು. ಹೋಗುವಾಗಲೂ ದೀಪ ಹತ್ತಲಿಲ್ಲ, ಬರುವಾಗಲೂ ಹತ್ತಲಿಲ್ಲ. ಮನೆಯ ತಿರುವಿಗೆ ಬಂದಾಗ ಶೇಖರ ಗೇಟಿನ ಬಳಿ ನಿಂತಿದ್ದ. ಅವನು ದಿನವೂ ಅಲ್ಲೇ ನಿಂತಿರುತ್ತಾನೆ, ಕೇಳಿದರೆ ಪೇಪರಿನವನನ್ನೋ ಮೀನಿನವನನ್ನೋ ಕಾಯುತ್ತಿದ್ದೆ ಎನ್ನುತ್ತಾನೆ. ಮಧ್ಯಾಹ್ನ ಎರಡು ಗಂಟೆಗೆ ಯಾವ ಪೇಪರಿನವನು ಬರುತ್ತಾನೆಂದು ಅವಳು ಇಷ್ಟು ದಿನ ಯೋಚಿಸಿರಲಿಲ್ಲ.

"ಎಂತಂತೆ ಅದಕ್ಕೆ? ಮಿಷನ್ ಎಂತ ಹೇಳಿತು?"

"ಗಾಳಿ ಹೊಕ್ಕಿದೆಯಂತೆ."

ಶೇಖರನ ಮುಖ ಸಪ್ಪಗಾಯಿತು. "ಗಾಳಿಯಾ? ಮಿಷನ್ನಿನಲ್ಲಿ ಅದೂ ಗೊತ್ತಾಗುತ್ತದಾ?"

ಅವಳು ಲಿಂಬೆಯನ್ನು ಅವನ ಅಂಗೈಯಲ್ಲಿಟ್ಟಳು.

"ಇದು... ಯಾರು ಕಟ್ಟಿದ್ದೋ ಎಂತದೋ."

"ನಿಮ್ಮ ಪೆಟ್ಟಿಗೆಗಳನ್ನು ಇಪ್ಪತ್ತು ವರ್ಷ ಬಿಚ್ಚಿದವಳು ನಾನು. ಗಂಟಿನ ಗುರುತು ನನಗೆ ಸಿಗುವುದಿಲ್ಲವಾ?"

ಅವನು ಲಿಂಬೆಯನ್ನು ತಿರುಗಿಸಿ ತಿರುಗಿಸಿ ನೋಡಿದ. "ಆ ರಸ್ತೆಯಲ್ಲಿ ಬಸ್ಸಿನವರು ಬರುವ ವೇಗ ನೋಡಿದ್ದೀಯಲ್ಲ. ನೀನು ಹೋದ ಮೇಲೆ ನನಗೆ ಮನೆಯೊಳಗೆ ಕೂರಲಿಕ್ಕೆ ಆಗುವುದಿಲ್ಲ ಮೋಹಿನಿ. ಹೋಗಬೇಡ ಅಂತ ಹೇಳಲಿಕ್ಕೂ ನನಗೆ ಬಾಯಿ ಇಲ್ಲ. ಇಪ್ಪತ್ತು ವರ್ಷ ನಾನೇ ಹೋಗಿದ್ದೆ ಅಲ್ವಾ."

ಕಾರು ಮಾರಲು ಹೊರಟದ್ದೂ ದೀಪಕ್ಕಾಗಿ ಅಲ್ಲವೆಂದು ಅವಳಿಗೆ ಆಗ ಹೊಳೆಯಿತು. ಸಿಟ್ಟು ಬಂತು, ಬಂದಷ್ಟೇ ಬೇಗ ಇಳಿಯಿತು. ಇಪ್ಪತ್ತು ವರ್ಷ ತಾನು ಇದೇ ಗೇಟಿನ ಬಳಿ ಯಾರನ್ನು ಕಾದಿದ್ದೆನೆಂದು ಅವಳೂ ಇವನಿಗೆ ಹೇಳಿರಲಿಲ್ಲ.

"ಕುಕ್ಕುಂದೂರಿನವರಿಗೆ ಫೋನ್ ಮಾಡಿ. ನಾಳೆ ಬರುವುದು ಬೇಡ ಅಂತ ಹೇಳಿ" ಎಂದಳು. ಅವನು ಹೇಳಿದ, ಅಲ್ಲಿಯೇ, ಗೇಟಿಗೆ ಒರಗಿ ನಿಂತುಕೊಂಡೇ.

ಆಮೇಲೆ ಅವಳು ಒಳಗೆ ಹೋಗಿ ಒಂದು ಹಸಿ ಲಿಂಬೆಹಣ್ಣೂ ನೂಲಿನ ಉಂಡೆಯೂ ತಂದು ಅವನ ಮುಂದೆ ಹಿಡಿದಳು.

"ಕಟ್ಟಿ. ಇನ್ನು ಮುಂದೆ ಎಲ್ಲರಿಗೂ ಕಾಣುವ ಹಾಗೆ ಬಂಪರಿಗೆ ಕಟ್ಟಿ. ಇಂಜಿನನ್ನು ನಾನು ನೋಡಿಕೊಳ್ಳುತ್ತೇನೆ."

ಶೇಖರ ಕಾರಿನ ಮುಂದೆ ಮೊಣಕಾಲೂರಿ ಕೂತು ಮೂರು ಸುತ್ತು ಸುತ್ತಿದ. ಅವಳು ಬಗ್ಗಿ ಗಂಟನ್ನು ಒಮ್ಮೆ ಜಗ್ಗಿ ನೋಡಿದಳು. ಗಟ್ಟಿಯಾಗಿತ್ತು.