ಆನೆ ಗುದ್ದಿದ ಕೊಪ್ಪರಿಗೆ

ನಾನು ಒಂದು ತಾಮ್ರದ ಕೊಪ್ಪರಿಗೆ. ಒಮ್ಮೆ ನನ್ನೊಳಗೆ ಕುದಿದ ಸಾರಿನ ಹಬೆ ಮೇಲಕ್ಕೇರಿ, ಮೋಡವಾಗಿ, ಚಾಮುಂಡಿ ಬೆಟ್ಟಕ್ಕೆ ತಗುಲಿ, ಮೈಸೂರಿನ ಮೇಲೆ ಮೂರು ದಿನ ಬಿಡದೆ ಸಾರಿನ ಮಳೆ ಸುರಿಯಿತು. ಜನ ಕೊಡೆಯನ್ನು ಮನೆಯಲ್ಲೇ ಬಿಟ್ಟು, ಅನ್ನದ ತಟ್ಟೆ ಹಿಡಿದುಕೊಂಡು ಬೀದಿಗೆ ಬಂದರು. ಹಪ್ಪಳ ಕರಿದು ಇಟ್ಟುಕೊಂಡಿದ್ದವರೇ ಜಾಣರು. ನಂಬುವುದಿಲ್ಲವೇ? ಬೇಡ, ಬಿಡಿ. ನನ್ನ ಎಡಪಕ್ಕೆಯಲ್ಲಿ ಅಂಗೈ ಹಿಡಿಸುವಷ್ಟು ಒಂದು ತಗ್ಗು ಇದೆ, ಅದನ್ನಾದರೂ ನಂಬಿ. ಅದು ಆನೆ ಗುದ್ದಿದ ತಗ್ಗು. ಗುದ್ದಿದ ಆನೆಗೆ ಏಳು ದಿನ ತಲೆನೋವು. ನನಗೆ ಇಷ್ಟೇ ಇಷ್ಟು ತಗ್ಗು.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ಹುಟ್ಟಿದಾಗಿನಿಂದ ನಾನು ಯಾರ ಹಂಗಿನಲ್ಲೂ ಇದ್ದದ್ದಿಲ್ಲ. ಒಲೆ ಹತ್ತಬೇಕೆಂದರೆ ನಾನೇ ಹತ್ತಿದೆ. ಇಳಿಯಬೇಕೆಂದರೆ ನಾನೇ ಇಳಿದೆ.

ಹುಟ್ಟಿದ್ದು ನಾಗಮಂಗಲದಲ್ಲಿ, ಪುಟ್ಟಾಚಾರ್ ಎಂಬ ಕಂಚುಗಾರರ ಮನೆಯ ಹಜಾರದಲ್ಲಿ. ನನ್ನನ್ನು ಬಡಿಯುವಾಗ ಎದ್ದ ಸದ್ದಿಗೆ ಮೇಲುಕೋಟೆಯ ಕೋತಿಗಳು ಬೆಟ್ಟದ ಮೇಲೆ ಕೂತು ತಾಳ ಹಾಕಿದವಂತೆ. ಮೈಯೆಲ್ಲ ಸಿದ್ಧವಾದ ಮೇಲೆ ಆಚಾರ್ಯರು ನನ್ನ ಎರಡು ಭುಜಕ್ಕೂ ದಪ್ಪ ಬಳೆಗಳನ್ನು ಕೂಡಿಸಿ ಮೊಳೆ ಬಡಿದರು. ಒಡವೆ ಎಂದು ನಾನು ಬೀಗಿದೆ. ಅವರ ಹೆಂಡತಿ ಪಕ್ಕದಲ್ಲಿ ನಿಂತು ಕೇಳಿದರು: "ಇಷ್ಟು ದಪ್ಪ ಬಳೆ ಯಾಕ್ರೀ? ಒಂದು ಸಾಲ್ದಾ?"

"ಒಂದೇ ಕಡೆ ಹಿಡಿಯೋ ಹಂಗಿದ್ರೆ ಚೊಂಬು ಮಾಡ್ತಿದ್ದೆ ಕಣೆ" ಎಂದರು ಆಚಾರ್ಯರು.

ಆ ಮಾತು ನನ್ನ ಕಿವಿಗೆ ಬಿದ್ದಿತ್ತು. ತಲೆಗೆ ಹೋಗಲಿಲ್ಲ. ಹೊಸದಾಗಿ ಕಲಾಯಿ ಹಾಕಿಸಿಕೊಂಡು ಬೆಳ್ಳಗೆ ಹೊಳೆಯುತ್ತಿದ್ದ ಹೊಟ್ಟೆಯ ಮೇಲೇ ಇತ್ತು ನನ್ನ ಗಮನ.

ಮೊದಲು ಮೈಸೂರಿನ ಒಂದು ಬಾಡಿಗೆ ಪಾತ್ರೆ ಅಂಗಡಿಗೆ ಹೋದೆ. ಅಲ್ಲಿ ಸೌಟು, ಜಾಲರಿ, ಬಕೆಟ್ಟುಗಳು ನನ್ನನ್ನು ಕಂಡರೆ ಎದ್ದು ನಿಲ್ಲುತ್ತಿದ್ದವು. ಎರಡು ವರ್ಷದ ನಂತರ ನಂಜನಗೂಡಿನಿಂದ ಒಬ್ಬರು ಬಂದು, ನನ್ನ ಹೊಟ್ಟೆಗೆ ಬೆರಳಿನಿಂದ ಮೂರು ಸಲ ತಟ್ಟಿ, ಬಗ್ಗಿ ಮೂಸಿ ನೋಡಿ, "ಇದರಲ್ಲಿ ಮೂರು ತಿಂಗಳ ಹಿಂದೆ ಹುಳಿ ಮಾಡಿದ್ದಾರೆ, ಮೆಂತ್ಯ ಸ್ವಲ್ಪ ಹೊತ್ತಿಸಿದ್ದಾರೆ. ಕೊಡ್ರಿ, ನನಗೇ ಇರಲಿ" ಎಂದರು.

ಅವರೇ ಮೂಗಿನ ಅನಂತಯ್ಯ. ಸುತ್ತಮುತ್ತಲ ಮದುವೆ, ಮುಂಜಿಗಳಿಗೆಲ್ಲ ಅವರದೇ ಅಡುಗೆ. ಹೆಸರಿಗೆ ಮೂಗು ಅಂಟಿದ್ದು ಯಾಕೆಂದರೆ, ಮಡಿಯಲ್ಲಿ ಅಡುಗೆ ಮಾಡುವವರು ದೇವರಿಗೆ ನೈವೇದ್ಯವಾಗುವ ತನಕ ಒಂದು ತೊಟ್ಟನ್ನೂ ಬಾಯಿಗೆ ಹಾಕುವಂತಿಲ್ಲ. ರುಚಿ ನೋಡಿದರೆ ಎಂಜಲು. ಹಾಗಾಗಿ ಉಪ್ಪು ಹುಳಿ ಎಲ್ಲ ಮೂಗಿನಲ್ಲೇ ಅಳೆಯಬೇಕು. ಉಪ್ಪಿಗೆ ವಾಸನೆ ಎಲ್ಲಿದೆ ಎನ್ನಬೇಡಿ. ಉಪ್ಪು ಬಿದ್ದ ಸಾರಿನ ಹಬೆಯೇ ಬೇರೆ, ಬೀಳದ ಸಾರಿನ ಹಬೆಯೇ ಬೇರೆ ಎನ್ನುತ್ತಿದ್ದರು ಅನಂತಯ್ಯ. ನನ್ನ ಕಂಠದ ಮೇಲೆ ಬಗ್ಗಿ, ಕಣ್ಣು ಮುಚ್ಚಿ, ಒಂದೇ ಒಂದು ಸಲ ಉಸಿರೆಳೆದು "ಅರ್ಧ ಹಿಡಿ ಕಮ್ಮಿ" ಎಂದರೆ ಅರ್ಧ ಹಿಡಿಯೇ ಕಮ್ಮಿ. ಎರಡು ಮೈಲಿ ಆಚೆ ಸೀದ ಬೇಳೆಯನ್ನು ಹಾಸಿಗೆಯಲ್ಲಿ ಮಲಗಿಯೇ ಕಂಡುಹಿಡಿಯುತ್ತಿದ್ದರು. ಸರಿ, ಎರಡು ಬೀದಿ ಆಚೆ ಎನ್ನಿ.

ಅಂಥವರು ಯಾರನ್ನು ಏನು ಕೇಳಿಯಾರು? ನಲವತ್ತು ವರ್ಷದಲ್ಲಿ ಅಡುಗೆಮನೆಯಲ್ಲಿ ಅವರು ಹೇಳಿದ್ದುಂಟು, ಕೇಳಿದ್ದಿಲ್ಲ. ಅವರ ಜೊತೆಗೆ ಇಪ್ಪತ್ತು ವರ್ಷದಿಂದ ತುಂಗಮ್ಮ ಎಂಬುವರು ಕೆಲಸ ಮಾಡುತ್ತಿದ್ದರು. ಸಾರಿನ ಪುಡಿ ಹುರಿಯುವುದು, ತೆಂಗಿನಕಾಯಿ ತುರಿಯುವುದು, ರುಬ್ಬುವುದು ಅವರ ಪಾಲು. ಒಮ್ಮೆ ಅವರು ಬಾಯಿಬಿಟ್ಟು "ಬೆಲ್ಲ ಒಂಚೂರು ಮುಂದಾಯ್ತೇನೋ" ಅಂದದ್ದಕ್ಕೆ ಅನಂತಯ್ಯ, "ತುಂಗಮ್ಮ, ನಿನ್ನ ಮೂಗು ಮೂಗುಬೊಟ್ಟು ಇಟ್ಟುಕೊಳ್ಳೋಕೆ ಇರೋದು" ಎಂದುಬಿಟ್ಟಿದ್ದರು. ನಾನೂ ಒಲೆಯ ಮೇಲಿಂದ ಗೊಳ್ಳೆಂದು ನಕ್ಕಿದ್ದೆ. ಯಜಮಾನರ ಗತ್ತು ಪಾತ್ರೆಗೆ ಇರದಿದ್ದರೆ ಹೇಗೆ?

ಹೀಗಿರುವಾಗ ಒಂದು ಚಳಿಗಾಲ ಅನಂತಯ್ಯನವರಿಗೆ ಜ್ವರ ಬಂತು. ಹತ್ತು ದಿನ ಮಲಗಿ ಎದ್ದರು. ಜ್ವರ ಹೋಗುವಾಗ ಅವರ ಮೂಗಿನಿಂದ ವಾಸನೆಯನ್ನೂ ಕಟ್ಟಿಕೊಂಡು ಹೋಗಿತ್ತು. ನನ್ನ ಮೇಲೆ ಬಗ್ಗಿ ಉಸಿರೆಳೆದರು. ಮತ್ತೆ ಎಳೆದರು. ಮುಖ ಬಿಳಿಚಿತು. ಅವರ ಪಾಲಿಗೆ ನನ್ನ ಸಾರೂ ಒಂದೇ, ಬಚ್ಚಲ ನೀರೂ ಒಂದೇ.

ಯಾರಿಗೂ ಹೇಳಲಿಲ್ಲ. ಅಂದಾಜಿನ ಮೇಲೆ ಎರಡು ತಿಂಗಳು ತಳ್ಳಿದರು. ಒಂದು ಗೃಹಪ್ರವೇಶದಲ್ಲಿ ಉಪ್ಪು ಎರಡು ಸಲ ಬಿತ್ತು. ಉಂಡವರು ಊಟಕ್ಕಿಂತ ಹೆಚ್ಚು ನೀರು ಕುಡಿದು ಎದ್ದರು. ಅನಂತಯ್ಯ ನನ್ನ ಮೇಲೆ ತಪ್ಪು ಹೊರಿಸಿ, "ಕಲಾಯಿ ಹೋಗಿದೆ, ತಾಮ್ರದ ಗುಣ" ಎಂದರು. ನನ್ನ ಕಲಾಯಿ ಕನ್ನಡಿಯ ಹಾಗಿತ್ತು! ಆದರೂ ಮರ್ಯಾದೆಗಾಗಿ ಸುಮ್ಮನಿದ್ದೆ. ಊರಿನವರು ಸುಮ್ಮನಿರಲಿಲ್ಲ. "ಮೂಗಿಗೆ ವಯಸ್ಸಾಯ್ತು" ಎಂದು ತೇರಿನ ಬೀದಿಯಲ್ಲಿ ಮಾತು ಹೊರಟಿತು.

ಅಷ್ಟರಲ್ಲಿ ವಕೀಲ ಪದ್ಮನಾಭಯ್ಯನವರ ಮಗಳ ಮದುವೆ. ಎಂಟುನೂರು ಎಲೆ. ವಕೀಲರು ಬಂದು ನೇರವಾಗಿಯೇ ಹೇಳಿದರು: "ಅನಂತಯ್ಯ, ಬೇರೆಯವರಿಗೆ ಹೇಳಿ ಅಂತ ಮನೆಯಲ್ಲಿ ಎಲ್ಲರೂ ಅಂತಿದ್ದಾರೆ. ನಾನೇ ಹಟ ಹಿಡಿದು ನಿಮ್ಮ ಹತ್ತಿರ ಬಂದಿದ್ದೀನಿ. ನನ್ನ ಮುಖ ಉಳಿಸಿ." ಈ ಅಡುಗೆಯೂ ಕೆಟ್ಟರೆ ಇನ್ನು ಯಾರೂ ಕರೆಯುವುದಿಲ್ಲ, ಸೌಟು ಅಟ್ಟ ಸೇರುತ್ತದೆ ಎಂಬುದು ಅನಂತಯ್ಯನವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಮದುವೆಯ ದಿನ ಬೆಳಗ್ಗೆ ಸಾರು ನನ್ನೊಳಗೆ ಕುದಿಯುತ್ತಿತ್ತು. ಅನಂತಯ್ಯ ಉಪ್ಪಿನ ಮರಿಗೆಯ ಹತ್ತಿರ ಹೋದಾಗ ಯಾರೋ ಬಂದು ಬಾಳೆ ಎಲೆಯ ವಿಷಯ ಮಾತಾಡಿಸಿದರು. ಮಾತು ಮುಗಿಸಿ ತಿರುಗಿದಾಗ ಉಪ್ಪು ಹಾಕಿದೆನೋ ಇಲ್ಲವೋ ಮರೆತೇಹೋಯಿತು. ಹಬೆಗೆ ಮೂಗು ಹಿಡಿದರು. ಏನೂ ಇಲ್ಲ. ಒಳಗಿನಿಂದ ಪುರೋಹಿತರ ದನಿ: "ನೈವೇದ್ಯಕ್ಕೆ ಸಾರು ಬರಲಿ!" ತಮ್ಮ ತಡವರಿಕೆ ಯಾರಿಗೂ ಕಾಣಬಾರದೆಂದು ಅನಂತಯ್ಯ ಎತ್ತುವ ಆಳುಗಳನ್ನೆಲ್ಲ ಎಲೆ ಹಾಕಲು ಹೊರಗೆ ಕಳಿಸಿಬಿಟ್ಟರು. ತುಂಗಮ್ಮ ಹಿಂದಿನ ಪಡಸಾಲೆಯಲ್ಲಿ ಚಟ್ನಿ ರುಬ್ಬುತ್ತಿದ್ದರು. ಅಡುಗೆಮನೆಯಲ್ಲಿ ಉಳಿದವರು ನಾನು ಮತ್ತು ಅವರು.

ಆಗ ನಾನು ಬಾಯಿಬಿಟ್ಟೆ. ಗಂಭೀರವಾಗಿ ಕುದಿಯುತ್ತಾ, "ಕೇಳಿ, ಅನಂತಯ್ಯ, ಕೇಳಿ. ಕೇಳಿದರೆ ಚಿಕ್ಕವರಾಗುವುದಿಲ್ಲ" ಎಂದು ಋಷಿಗಳ ಹಾಗೆ ಉಪದೇಶ ಮಾಡಿದೆ. ಅವರ ಕಣ್ಣು ತೆರೆಯಿತು. ನನಗೆ ಕೈಮುಗಿದರು. ನಾನು ಎಂದಿನಂತೆ ಒಲೆಯಿಂದ ನಾನಾಗಿಯೇ ಇಳಿದು, ನೆಲದ ಸಿಂಬಿಯ ಮೇಲೆ ಕೂತೆ. ಅವರು ತುಂಗಮ್ಮನವರನ್ನು ಕರೆದರು.

"ತುಂಗಮ್ಮನವರೇ." ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಬಹುವಚನ. "ಉಪ್ಪು ಬಿದ್ದಿದೆಯಾ ಸ್ವಲ್ಪ ನೋಡ್ತೀರಾ? ನನಗೆ… ನನಗೆ ವಾಸನೆ ಬರ್ತಾ ಇಲ್ಲ."

ತುಂಗಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು, ನನ್ನ ಮೇಲೆ ಬಗ್ಗಿ ಉಸಿರೆಳೆದರು. "ಉಪ್ಪು ಬಿದ್ದಿದೆ. ಮತ್ತೆ ಹಾಕಬೇಡಿ. ಇಂಗು ಬಿದ್ದಿಲ್ಲ."

"ಇಂಗು! ಅಯ್ಯೋ, ಅದು ನೆನಪೇ ಇಲ್ಲ!"

"ವಾಸನೆ ಬರ್ತಿಲ್ಲ ಅಂತ ನನಗೆ ಎರಡು ತಿಂಗಳಿಂದ ಗೊತ್ತು" ಎಂದರು ತುಂಗಮ್ಮ, ಇಂಗಿನ ನೀರು ಕದಡುತ್ತಾ. "ಅವತ್ತು ಮೆಣಸಿನಕಾಯಿ ಹುರಿದಾಗ ಬೀದಿಯ ನಾಯಿಯೂ ಸೀನಿತು, ನೀವು ಶ್ಲೋಕ ಹೇಳ್ಕೊಂಡು ನಿಂತಿದ್ರಿ."

"ಮತ್ತೆ ಹೇಳಬಾರದಾ?"

"ಹೇಳಿದ್ರೆ ಸೌಟಲ್ಲಿ ಹೊಡೀತಿದ್ರಿ. ಕೇಳಲಿ ಅಂತ ಕಾಯ್ತಿದ್ದೆ."

ಎಂಟುನೂರು ಎಲೆಯವರೂ ಸಾರನ್ನು ಎರಡೆರಡು ಸಲ ಹಾಕಿಸಿಕೊಂಡರು. ವಕೀಲರು ತಾವೇ ಅಡುಗೆಮನೆಗೆ ಬಂದು ಅನಂತಯ್ಯನವರಿಗೆ ಶಾಲು ಹೊದಿಸಿದರು. ಅನಂತಯ್ಯ ಶಾಲು ತೆಗೆದು, "ಇದರಲ್ಲಿ ಅರ್ಧ ಈಯಮ್ಮನದು. ಇವತ್ತು ಮೂಗು ಅವರದ್ದು" ಎಂದು ಎಲ್ಲರ ಎದುರಿಗೇ ಹೇಳಿಬಿಟ್ಟರು. ಹೇಳಿದ ಮೇಲೆ ಅವರ ಭುಜ ಅರ್ಧ ಅಡಿ ಇಳಿಯಿತು. ಎರಡು ತಿಂಗಳಿಂದ ಕಿವಿಯವರೆಗೆ ಏರಿಸಿಕೊಂಡೇ ತಿರುಗುತ್ತಿದ್ದರು. ಹಾಂ, ಆನೆ ನನ್ನನ್ನು ಗುದ್ದಿದ್ದೂ ಅದೇ ಮದುವೆಯಲ್ಲಿ. ಗಡಿಬಿಡಿಯಲ್ಲಿ ಹೇಳಲು ಮರೆತೆ.

ಅಲ್ಲಿಂದಾಚೆಗೆ ನಮ್ಮ ಅಡುಗೆಮನೆಯ ರೀತಿಯೇ ಬದಲಾಯಿತು. ಸಾರು ಒಂದು ಕುದಿ ಬಂದರೆ ಅನಂತಯ್ಯ, "ತುಂಗಮ್ಮನವರೇ, ಮೂಗು ತನ್ನಿ!" ಎಂದು ಕೂಗುವರು. ಎಲ್ಲರೂ ನಗುವರು, ಅವರೂ ನಗುವರು. ತುಂಗಮ್ಮ ಬೆಲ್ಲ ಕಡಿಮೆ ಮಾಡಿಸಿದರು; ಸಾರು ಮೊದಲಿಗಿಂತಲೂ ಚೆನ್ನಾಯಿತು. ಅವರಿಗೂ ಒಂದು ಕೊರತೆ ಇತ್ತು. ಮನೆಮಟ್ಟಿಗೆ ಕೈ ಪಳಗಿದ್ದರೂ, ಸಾವಿರ ಜನಕ್ಕೆ ಬೇಳೆ ಎಷ್ಟು ಎಂದರೆ ಕೈಬೆರಳು ಎಣಿಸುತ್ತಾ ಕೂರುತ್ತಿದ್ದರು. ಈಗ ಸಂಕೋಚ ಬಿಟ್ಟು ಅವರೂ ಕೇಳಿದರು. ಅನಂತಯ್ಯ ಮಗ್ಗಿ ಹೇಳಿಕೊಟ್ಟ ಹಾಗೆ ಹೇಳಿಕೊಟ್ಟರು. "ಎರಡು ಮೂಗಿನ ಅಡುಗೆ" ಎಂದು ಜನ ಹುಡುಕಿಕೊಂಡು ಬರತೊಡಗಿದರು. ಚಂದ್ರಲೋಕದಿಂದಲೂ ಒಂದು ಮುಂಜಿಗೆ ಕರೆ ಬಂದಿತ್ತು. ಮಡಿ ನೀರಿನ ತೊಂದರೆ ಎಂದು ಒಪ್ಪಿಕೊಳ್ಳಲಿಲ್ಲ.

ಅನಂತಯ್ಯನವರ ಮೊಣಕಾಲು ಸೋತ ಮೇಲೆ ತುಂಗಮ್ಮನೇ ಮುಖ್ಯ ಅಡುಗೆಯವರಾದರು. ನಾನೂ ಅವರ ಮನೆಗೆ ಬಂದೆ. ಆಮೇಲೆ ಸ್ಟೀಲು, ಅಲ್ಯೂಮಿನಿಯಂ, ಗ್ಯಾಸು ಎಲ್ಲ ಬಂದವು. ನನಗೆ ಕಲಾಯಿ ಹಾಕುವವರೂ ಸಿಗದಾದರು. ಈಗ ನಾನು ಅವರ ಹಿತ್ತಿಲ ಮೂಲೆಯಲ್ಲಿ, ನುಗ್ಗೆಮರದ ಕೆಳಗೆ ಕೂತಿದ್ದೇನೆ. ವರ್ಷಕ್ಕೊಂದು ಸಲ ದೀಪಾವಳಿಗೆ ಮುಂಚೆ, ನೀರು ತುಂಬುವ ಹಬ್ಬದ ದಿನ, ನನ್ನನ್ನು ತೊಳೆದು ಬಚ್ಚಲೊಲೆಯ ಮೇಲೆ ಕೂರಿಸಿ, ನೀರು ತುಂಬಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಹಾಗಲಬಳ್ಳಿ ಸುತ್ತುತ್ತಾರೆ. ಉಳಿದ ದಿನ ನುಗ್ಗೆಮರದ ಗುಬ್ಬಿಗಳಿಗೆ ಸಾರಿನ ಮಳೆಯ ಕಥೆ ಹೇಳುತ್ತೇನೆ. ಅವು ನಂಬುತ್ತವೆ.

ಈ ವರ್ಷವೂ ಎಲ್ಲ ಚೆನ್ನಾಗಿಯೇ ಇತ್ತು. ತುಂಗಮ್ಮನವರ ಸೊಸೆ ಸುಚೇತ ಹುಣಿಸೆಹಣ್ಣು ಹಚ್ಚಿ ನನ್ನನ್ನು ಉಜ್ಜುತ್ತಿದ್ದಳು. ಹಬ್ಬಕ್ಕೆ ಬಂದಿದ್ದ ಅನಂತಯ್ಯ ಜಗಲಿಯ ಮೇಲೆ ಕಾಫಿ ಕುಡಿಯುತ್ತಿದ್ದರು. ಸುಚೇತಳ ಬೆರಳು ನನ್ನ ಎಡಪಕ್ಕೆಗೆ ಬಂದು ನಿಂತಿತು.

"ಅತ್ತೆ, ಇಲ್ಲೊಂದು ತಗ್ಗಿದೆಯಲ್ಲ. ಏನಾಗಿತ್ತು ಇದಕ್ಕೆ?"

"ಅದಾ? ಆನೆ ಗುದ್ದಿದ್ದು ಕಣಮ್ಮ" ಎಂದರು ಅನಂತಯ್ಯ, ಕಾಫಿ ಗುಟುಕರಿಸುತ್ತಾ. ಅವರು ಎಲ್ಲರಿಗೂ ಹೇಳುತ್ತಿದ್ದದ್ದೂ ಅದೇ, ನಾನು ಕಲಿತದ್ದೂ ಅವರಿಂದಲೇ. "ವಕೀಲರ ಮನೆ ಮದುವೆಗೆ ದೊಡ್ಡ ಆನೆ ತರಿಸಿದ್ರು. ಅದು ಬಂದು…"

"ಅನಂತಯ್ಯನವರೇ" ಎಂದರು ತುಂಗಮ್ಮ ಹೂ ಕಟ್ಟುತ್ತಾ. "ಆ ಆನೆ ಪಂಚೆ ಉಟ್ಟಿತ್ತಲ್ವಾ?"

ಅನಂತಯ್ಯ ನಕ್ಕ ನಗುವಿಗೆ ಕಾಫಿ ನೆತ್ತಿಗೇರಿತು. ಕೆಮ್ಮಿ, ಕಣ್ಣೊರೆಸಿಕೊಂಡು, "ಹೌದು ಕಣಮ್ಮ ಸುಚೇತ, ಆ ಆನೆ ನಾನೇ" ಎಂದರು. "ಈ ಕೊಪ್ಪರಿಗೆಗೆ ಬೊಂಬು ತೂರಿಸಿ ನಾಲ್ಕು ಜನ ಇಳಿಸಬೇಕು. ಅವರನ್ನ ಹೊರಗೆ ಕಳಿಸಿಬಿಟ್ಟಿದ್ದೆ. ಕರೆದ್ರೆ ಯಾಕೆ ಒದ್ದಾಡ್ತಿದ್ದೀನಿ ಅಂತ ಗೊತ್ತಾಗುತ್ತಲ್ಲ? ಕೈಗೆ ಒದ್ದೆ ಗೋಣಿ ಸುತ್ತಿ, ಒಂದು ಬಳೆ ಹಿಡಿದು ಒಬ್ಬನೇ ಎಳೆದೆ. ವಾಲಿಬಿಡ್ತು. ಪಕ್ಕೆ ಒಲೆಗಲ್ಲಿಗೆ ಬಡೀತು, ಸಾರು ಬೆಂಕಿ ಮೇಲೆ ಚೆಲ್ಲಿ ಮನೆಯೆಲ್ಲ ಹೊಗೆ. ಇನ್ನೊಂದು ಗೇಣು ವಾಲಿದ್ರೆ ಪೂರ್ತಿ ನನ್ನ ಕಾಲ ಮೇಲೇ. ಆಗ ಕೂಗಿಕೊಂಡೆ ನೋಡು, 'ತುಂಗಮ್ಮಾ, ಹಿಡ್ಕೊಳ್ಳೀ' ಅಂತ."

"ರುಬ್ಬೋ ಕೈಯಲ್ಲೇ ಓಡಿ ಬಂದು, ಸೆರಗು ಸುತ್ತಿ ಆ ಕಡೆ ಬಳೆ ಹಿಡಿದೆ" ಎಂದರು ತುಂಗಮ್ಮ. "ಇಬ್ಬರಿಗೂ ಇಳಿಸೋಕೂ ಆಗಲ್ಲ, ಬಿಡೋಕೂ ಆಗಲ್ಲ. ಹಾಗೇ ನಿಂತಿದ್ವಿ, ಆಳುಗಳು ಬರೋ ತನಕ. ಈ ಪುಣ್ಯಾತ್ಮರು ವಾಸನೆ ವಿಷಯ ಬಾಯಿ ಬಿಟ್ಟಿದ್ದು ಆಗಲೇ."

"ಒಂದು ಸಲ ಕೇಳಿದ ಮೇಲೆ ಇನ್ನೊಂದು ಕೇಳೋಕೆ ಏನು ಕಷ್ಟ?" ಎಂದರು ಅನಂತಯ್ಯ. "ಅದು ತಿಳಿಯೋಕೆ ನನಗೆ ನಲವತ್ತು ವರ್ಷ ಬೇಕಾಯ್ತು."

ಸುಚೇತ ನಕ್ಕು ನನ್ನ ತಗ್ಗಿಗೆ ಇನ್ನಷ್ಟು ಹುಣಿಸೆಹಣ್ಣು ಒತ್ತಿದಳು. ನುಗ್ಗೆಮರದ ಗುಬ್ಬಿಗಳೆಲ್ಲ ತಲೆ ಓರೆ ಮಾಡಿ ನನ್ನನ್ನೇ ನೋಡಿದವು.

ಇನ್ನೇನು ಮುಚ್ಚಿಡಲಿ? ಒಪ್ಪಿಕೊಳ್ಳುತ್ತೇನೆ. ಅವತ್ತು ನಾನು ಉಪದೇಶ ಮಾಡಲಿಲ್ಲ. ಕಂಠದವರೆಗೆ ಸಾರು ತುಂಬಿಕೊಂಡು, ವಾಲುತ್ತಾ, ಗಡಗಡ ನಡುಗುತ್ತಿದ್ದೆ ಅಷ್ಟೆ. ಸಾರಿನ ಮಳೆ ಬಿದ್ದದ್ದು ಮೈಸೂರಿನ ಮೇಲಲ್ಲ, ಒಲೆಯ ಮೇಲೆ. ಒಲೆಯನ್ನು ನಾನಾಗಿ ಹತ್ತಿದ್ದೂ ಇಲ್ಲ, ಇಳಿದದ್ದೂ ಇಲ್ಲ. ಪುಟ್ಟಾಚಾರ್ ಬಡಿದದ್ದು ಒಡವೆಯಲ್ಲ. ಒಬ್ಬರೇ ಎತ್ತುವ ಹಾಗಿದ್ದಿದ್ದರೆ ನಾನು ಚೊಂಬಾಗಿರುತ್ತಿದ್ದೆ. ಎಂಟುನೂರು ಎಲೆಗೆ ಸಾರು ಬಡಿಸುವ ಭಾಗ್ಯ ಯಾವ ಚೊಂಬಿಗಿದೆ?

ತೊಳೆದಾದ ಮೇಲೆ ಸುಚೇತ ನನ್ನ ಒಂದು ಬಳೆಗೆ ಕೈ ಹಾಕಿ ಎಳೆದಳು. ನಾನು ಅಲ್ಲಾಡಲಿಲ್ಲ. ತಗ್ಗನ್ನು ಒಮ್ಮೆ ನೋಡಿದಳು, ಕೈ ತೆಗೆದಳು, ಹಿತ್ತಿಲ ಗೋಡೆಯತ್ತ ತಿರುಗಿ ಪಕ್ಕದ ಮನೆಗೂ ಕೇಳುವ ಹಾಗೆ ಗಟ್ಟಿಯಾಗಿ ಕೂಗಿದಳು: "ರೀ, ಬನ್ನಿ ಇಲ್ಲಿ! ಗಿರಿಜಕ್ಕಾ, ನಿಮ್ಮ ಮನೆಯವರನ್ನೂ ಕರ್ಕೊಂಡು ಬನ್ನಿ, ಒಂದು ಕೈ ಹಿಡೀಬೇಕು!" ಬೊಂಬು ಬಂತು. ಅನಂತಯ್ಯ ಜಗಲಿಯ ಮೇಲಿಂದಲೇ "ಹಾಂ, ಎತ್ತಿ, ನಿಧಾನ" ಎಂದರು. ನಾನು ನೆಲ ಬಿಟ್ಟೆ.

ಎಷ್ಟು ಜನ ಎತ್ತಿದರು ಎಂದು ಗುಬ್ಬಿಗಳು ಕೇಳಿದವು. ನಲವತ್ತು ಎನ್ನೋಣವೆಂದು ಕಂಠದವರೆಗೂ ಬಂತು.

ಇಲ್ಲ. ನಾಲ್ಕು ಜನ. ಯಾವಾಗಲೂ ನಾಲ್ಕೇ ಜನ.