ಎಡಕ್ಕೆ ತಗಡು, ಬಲಕ್ಕೆ ಪುಟ್ಟಿ

ನಾನು ಒಂದು ಕಾರು. ಓಡುವ ಕಾರು ಎಂದು ಹೇಳಿಕೊಳ್ಳುವ ಕಾಲ ಮುಗಿಯಿತು. ಈಗ ನನ್ನ ಹಿಂದಿನ ಸೀಟಿನಲ್ಲಿ ಒಂದು ಕೋಳಿ ಮೊಟ್ಟೆಗೆ ಕೂತಿದೆ. ಆದರೂ ಹುಟ್ಟಿನಿಂದಲೇ ಶುರು ಮಾಡುತ್ತೇನೆ, ಇಲ್ಲದಿದ್ದರೆ ನಿಮಗೆ ತಲೆಬುಡ ತಿಳಿಯಲಿಕ್ಕಿಲ್ಲ.

ನಾನು ಹುಟ್ಟಿದ್ದು ಅರವತ್ತಾರನೇ ಇಸವಿಯಲ್ಲಿ, ಮುಂಬಯಿಯ ಒಂದು ಕಾರ್ಖಾನೆಯಲ್ಲಿ. ಲಾರಿಗಳಿಗೆ ಇರುವಂತೆ ನನಗೆ ಬೇರೆ ಚಾಸಿ, ಅಂದರೆ ಅಡಿಯ ಕಬ್ಬಿಣದ ಚೌಕಟ್ಟು, ಇಲ್ಲ. ಬಾಗಿಲುಗಳ ಕೆಳಗೆ, ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ, ಎರಡೂ ಬದಿಗೆ ತಗಡು ಮಡಚಿ ಮಾಡಿದ ಒಂದೊಂದು ಟೊಳ್ಳು ತೊಲೆ ಇದೆ. ಗ್ಯಾರೇಜಿನವರು ಅದನ್ನು ರನ್ನಿಂಗ್ ಬೋರ್ಡ್ ಎನ್ನುತ್ತಾರೆ. ಹತ್ತುವವರು ಅದಕ್ಕೆ ಚಪ್ಪಲಿಯ ಕೆಸರು ಒರೆಸುತ್ತಾರೆ. ನನ್ನ ಬೆನ್ನುಮೂಳೆಯೇ ಅದು ಎಂದು ಯಾರಿಗೂ ಹೊಳೆಯುವುದಿಲ್ಲ. ಚಕ್ರ ಬಿಚ್ಚುವಾಗ ಜಾಕ್ ಕೂರಿಸುವ ಗೂಡು ಕೂಡ ಅದರಲ್ಲೇ ಇದೆ.

ನನ್ನನ್ನು ಮೊದಲು ತಂದವರು ಮಲ್ಪೆಯ ಡಾಕ್ಟರ್ ವರದರಾಯ ಪ್ರಭುಗಳು. ಕಡಲ ಬದಿಯ ಮನೆಗಳಿಗೆ ಹೆರಿಗೆಗೆ ಹೋಗುವಾಗ ನನ್ನನ್ನು ಹೊಯ್ಗೆಯ ಮೇಲೆ, ಆ ಉಪ್ಪು ಮರಳಿನಲ್ಲೇ ಓಡಿಸುತ್ತಿದ್ದರು. ಆದರೆ ಮನೆಗೆ ಬಂದದ್ದೇ ಪಂಚೆ ಎತ್ತಿಕಟ್ಟಿ, ಬಾವಿಯ ಸಿಹಿನೀರು ಸೇದಿ ನನ್ನ ಅಡಿಗೆಲ್ಲ ಎರಚುತ್ತಿದ್ದರು. "ಉಪ್ಪು ಅಂದ್ರೆ ಸಾಲ ಇದ್ದ ಹಾಗೆ. ಕಾಣುದಿಲ್ಲ, ತಿಂತಾ ಇರ್ತದೆ" ಎನ್ನುತ್ತಿದ್ದರು. ಅವರಿದ್ದ ಇಪ್ಪತ್ತೆರಡು ವರ್ಷ ನನ್ನ ಮೈಗೆ ತುಕ್ಕು ಹತ್ತಲಿಲ್ಲ.

ಅವರು ಹೋದ ಮೇಲೆ ಮೀನು ವ್ಯಾಪಾರದ ಕೂಸಪ್ಪ ಸಾಲ್ಯಾನ್ ಕೊಂಡರು. ಹಿಂದಿನ ಸೀಟು ಕಿತ್ತು ಬಂಗುಡೆ, ಬೂತಾಯಿ ಪೆಟ್ಟಿಗೆಗಳನ್ನಿಟ್ಟರು. ಕೂಸಪ್ಪ ಕೆಟ್ಟವರಲ್ಲ. ಹೊಸ ವರ್ಷದ ದಿನ ನನಗೂ ಒಂದು ಹೂವಿನ ಮಾಲೆ ಹಾಕುತ್ತಿದ್ದರು. ಆದರೆ ಮಂಜುಗಡ್ಡೆ ಕರಗಿದ ಉಪ್ಪುನೀರು ದಿನಾ ನೆಲದಿಂದ ಇಳಿದು ಆ ಟೊಳ್ಳು ತೊಲೆಗಳೊಳಗೆ ನಿಲ್ಲುತ್ತಿತ್ತು. ಹೊರಗಿನಿಂದ ನಾನು ಬಿಳಿ ಕಾರು, ಒಳಗಿನಿಂದ ಪುಡಿ ಪುಡಿ. ಕೊನೆಗೆ ಅವರು ಹೊಸ ಟೆಂಪೊ ತಂದರು. ನಾನು ಅವರ ಹಿತ್ತಿಲಿನ ತೆಂಗಿನಮರದ ಬುಡದಲ್ಲಿ ವರ್ಷಗಟ್ಟಲೆ ಬಿದ್ದುಕೊಂಡೆ.

ಅಲ್ಲಿಂದ ನನ್ನನ್ನು ಎತ್ತಿದವರು ಉಡುಪಿಯ ಹೋಟೆಲ್ ಮಾಲಕ ದಿವಾಕರ ಹೆಗ್ಡೆ. ಮಗಳ ಮದುವೆಯ ದಿಬ್ಬಣಕ್ಕೆ ಹಳೇ ಕಾರೇ ಬೇಕು ಎಂಬ ಹಟ ಅವರದು. ತಂದು ಬಿಟ್ಟದ್ದು ಬಲ್ತಜಾರ್ ಡಿಸಿಲ್ವರ ಶೆಡ್ಡಿಗೆ. ಊರಿಗೆಲ್ಲ ಅವರು ಬಲ್ತು ಪೊರ್ಬು; ಕ್ರೈಸ್ತರನ್ನು ಗೌರವದಿಂದ ಕರೆಯುವುದು ನಮ್ಮಲ್ಲಿ ಹಾಗೆ.

ಬಲ್ತು ಪೊರ್ಬು ಎಂದರೆ ಟಿಂಕರಿಂಗಿನಲ್ಲಿ, ಕಾರಿನ ತಗಡು ಕೆಲಸದಲ್ಲಿ, ಎತ್ತಿದ ಕೈ. ತಗಡು ಕೂರಿಸುವ ಬದಲು ಕಲಸಿದ ಮೆತ್ತು ಬಳಿದು, ಒಣಗಿಸಿ, ಉಜ್ಜಿ ತೂತು ಮರೆಸುತ್ತಾರಲ್ಲ, ಆ ಪುಟ್ಟಿಯನ್ನು ನಲವತ್ತು ವರ್ಷದಲ್ಲಿ ಒಂದು ತೂತಿಗೂ ಮೆತ್ತಿದವರಲ್ಲ. "ತೂತಿಗೆ ಪುಟ್ಟಿ ಹಾಕುವವನೂ ಹಾಲಿಗೆ ನೀರು ಹಾಕುವವನೂ ಒಂದೇ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಹೇಳಿ ಹೇಳಿ ಅದು ಅವರ ಇನ್ನೊಂದು ಹೆಸರೇ ಆಗಿತ್ತು. ಅವರು ನನ್ನ ಅಡಿಗೆ ಮಲಗಿ ಸ್ಕ್ರೂಡ್ರೈವರಿನಿಂದ ತೊಲೆಯನ್ನು ಒತ್ತಿದರು. ಅದು ಹಲಸಿನ ಹಣ್ಣಿಗೆ ಇಳಿದಂತೆ ಹಿಡಿಯವರೆಗೆ ಒಳಗೆ ಹೋಯಿತು.

"ಹೆಗ್ಡೆರೇ, ಎರಡೂ ಬದಿ ಕೊಯ್ದು ಹೊಸತು ಕೂರಿಸ್ಬೇಕು. ಒಂದೊಂದೇ ಬದಿ ಮಾಡುದು. ಎರಡೂ ಒಟ್ಟಿಗೆ ಕೊಯ್ದ್ರೆ ಗಾಡಿ ನಡು ಬಿದ್ದು ಬಾಗಿಲೇ ಹಾಕ್ಲಿಕ್ಕಾಗುದಿಲ್ಲ."

ಎಡಬದಿ ಮೊದಲು. ಬಾಗಿಲುಗಳನ್ನು ಕಳಚಿ, ಆ ಖಾಲಿ ಜಾಗಕ್ಕೆ ಅಡ್ಡ ಪೈಪ್ ವೆಲ್ಡ್ ಮಾಡಿ, ನನ್ನ ನಡುವನ್ನು ಕಟ್ಟಿ ಹಿಡಿದರು. ಆಮೇಲೆ ಕೊಳೆತದ್ದನ್ನೆಲ್ಲ ಕೊಯ್ದು ತೆಗೆದರು. ಹೊಸ ತಗಡನ್ನು ಬಡಿದು, ಮಡಚಿ, ಇಟ್ಟು ನೋಡಿ, ತೆಗೆದು ಮತ್ತೆ ಬಡಿದರು. ಹದಿನೇಳು ದಿನ ಅದೊಂದೇ ಕೆಲಸ. ಮುಚ್ಚುವ ಮೊದಲು ಒಳಗಡೆ ಮೊಳೆಯಲ್ಲಿ 'ಬಲ್ತು' ಎಂದು ಗೀರಿ, ಕೆಳಗೆ ಒಂದು ಸಣ್ಣ ಶಿಲುಬೆ ಹಾಕಿದರು. ಯಾರೂ ನೋಡದ ಜಾಗದಲ್ಲಿ ಹೆಸರು ಬರೆಯುವುದು ಅವರ ಪದ್ಧತಿ. ಆ ದಿನ ನನಗೆ ಡಾಕ್ಟರು ನೆನಪಾದರು. ಈ ಮುದಿ ವಯಸ್ಸಿನಲ್ಲಿ ಮತ್ತೆ ಒಬ್ಬ ಮನುಷ್ಯ ಸಿಕ್ಕಿದ ಎಂದು ನಿಜಕ್ಕೂ ಸಂತೋಷಪಟ್ಟೆ.

ಅಷ್ಟರಲ್ಲಿ ಹೆಗ್ಡೆ ಬಂದರು. ಮದುವೆಗೆ ಉಳಿದದ್ದು ಒಂಬತ್ತೇ ದಿನ, ಪೇಂಟೂ ಆಗಿರಲಿಲ್ಲ.

"ಬಲ್ತು, ಬಲಬದಿ ಈಗ ಹಾಗೇ ಮುಚ್ಚಿಬಿಡು ಮಾರಾಯ. ಅಡಿಗೆ ಬಗ್ಗಿ ನೋಡುವವರು ಯಾರು? ದಿಬ್ಬಣದ ಮರುದಿನವೇ ತಂದು ಬಿಡ್ತೇನೆ, ಆಗ ಮಾಡು."

"ನನ್ನ ಕೈಯಲ್ಲಿ ಪುಟ್ಟಿ ಕೆಲಸ ಆಗುದಿಲ್ಲ."

"ಒಂದು ದಿನಕ್ಕೆ ಅಲ್ವಾ? ಇಲ್ಲದಿದ್ರೆ ಬೇರೆಯವರ ಹತ್ರ ಕೊಡ್ತೇನೆ. ಅವ್ರು ಪೂರ್ತಿ ಪುಟ್ಟಿಯಲ್ಲೇ ಮಾಡಿ ಕೊಡ್ತಾರೆ."

ತಾನು ಕೂರಿಸಿದ ಎಡಬದಿಯನ್ನು ಇನ್ನೊಬ್ಬನ ಶೆಡ್ಡಿಗೆ ಕಳಿಸಲು ಪೊರ್ಬುವಿಗೆ ಮನಸ್ಸಾಗಲಿಲ್ಲ. ಸಂಜೆ ಶೆಡ್ಡಿನ ಬಾಗಿಲು ಅರ್ಧ ಎಳೆದುಕೊಂಡು, ನನ್ನ ಬಲಬದಿಗೆ ಗೋಣಿಚೀಲ ತುರುಕಿದರು, ಮೇಲಿನಿಂದ ಪುಟ್ಟಿ ಎಳೆದರು, ಅಡಿಗೆ ಟಾರು ಬಳಿದರು. ಅಲ್ಲಿ ಹೆಸರು ಗೀರಲಿಲ್ಲ. ಕೈ ತೊಳೆಯುವಾಗ ನನ್ನ ಕಡೆ ನೋಡಲೂ ಇಲ್ಲ.

ದಿಬ್ಬಣದ ದಿನ ನನ್ನ ಅಲಂಕಾರ ಹೇಳುವುದು ಬೇಡ, ಹಿಂದೆ ಹೊಸ ಸೀಟೂ ಬಂದಿತ್ತು. ಮೇಲೆ ಥಳುಕು, ಒಳಗೆ ಹುಳುಕು. ಮದುಮಗಳು ನನ್ನ ಬದಿಗೆ ಒರಗಿ ಫೋಟೊ ತೆಗೆಸಿಕೊಂಡಳು. ಮರುದಿನ ಹೆಗ್ಡೆ ನನ್ನನ್ನು ಶೆಡ್ಡಿಗೆ ತರಲಿಲ್ಲ. ಅದರ ಮರುದಿನವೂ ಇಲ್ಲ. ಪೊರ್ಬು ಎರಡು ಸಲ ಹೋಟೆಲಿಗೇ ಹೋಗಿ ಕೇಳಿದರು. "ಚಂದ ಓಡ್ತಾ ಉಂಟಲ್ಲ, ಸುಮ್ಮನೆ ಯಾಕೆ ಕೊಯ್ಯುದು?" ಎಂಬ ಉತ್ತರದ ಜೊತೆ ಒಂದು ಕಾಫಿ ಸಿಕ್ಕಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು?

ವರ್ಷ ತುಂಬುವುದರೊಳಗೆ ಹೆಗ್ಡೆ ನನ್ನನ್ನು ಮಾರಲು ಹೊರಟರು. ನೋಡಲು ಬಂದವರು ಶ್ರೀಪತಿ ಮಾಸ್ಟ್ರು. ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ತಮ್ಮ ಹಾಗೆಯೇ ಪ್ರಾಯವಾದ ಒಂದು ಕಾರು ಇಟ್ಟುಕೊಳ್ಳಬೇಕೆಂಬುದು ಅವರ ಆಸೆ. ಯಂತ್ರದ ಗಂಧಗಾಳಿ ಇಲ್ಲದ ಅವರು ಒಂದು ಜಾಣತನ ಮಾಡಿದರು. ಹೆಗ್ಡೆಯನ್ನು ಕೂರಿಸಿಕೊಂಡು ನನ್ನನ್ನು ನೇರ ಬಲ್ತು ಪೊರ್ಬುವಿನ ಶೆಡ್ಡಿಗೇ ತಂದರು.

"ಪೊರ್ಬುಗಳೇ, ನಂಗೆ ಇದೆಲ್ಲ ಗೊತ್ತಾಗುದಿಲ್ಲ. ಇದು ನಿಮ್ಮ ಕೈಯ ಕೆಲಸವಾ? ನೀವು ಹೌದು ಹೇಳಿದ್ರೆ ನಾನು ಕಣ್ಣು ಮುಚ್ಚಿ ತಗೊಳ್ತೇನೆ."

ನಾನು ಕಾದೆ. ನನ್ನ ಬಲಬದಿ ಪೊರ್ಬುವಿನ ಮೊಣಕಾಲಿಗೆ ತಾಗುವಷ್ಟು ಹತ್ತಿರವಿತ್ತು. 'ಅರ್ಧ ನನ್ನದು, ಅರ್ಧ ಪುಟ್ಟಿ' ಎಂದರೆ ಸಾಕಿತ್ತು. ಆದರೆ ಹಾಗೆಂದರೆ ಪುಟ್ಟಿ ಹಾಕಿದ ಕೈ ಯಾರದು ಎಂದೂ ಹೇಳಬೇಕಿತ್ತು. ನಲವತ್ತು ವರ್ಷ ಆಡಿದ ಮಾತು ಅದಕ್ಕೆ ಅಡ್ಡ ನಿಂತಿತು. ಹೆಗ್ಡೆ ಮುಗುಳ್ನಗುತ್ತ ಗಡಿಯಾರ ನೋಡುತ್ತಿದ್ದರು.

"ಹೌದು ಮಾಸ್ಟ್ರೇ, ನಾನೇ ಮಾಡಿದ್ದು" ಎಂದರು ಪೊರ್ಬು.

ಸುಳ್ಳೇನೂ ಅಲ್ಲ. ಎರಡೂ ಬದಿ ಅವರೇ ಮಾಡಿದ್ದು.

ಮಾಸ್ಟ್ರು ನನ್ನನ್ನು ಚೆನ್ನಾಗಿ ನೋಡಿಕೊಂಡರು. ನನ್ನ ಚಿತ್ರ ಬರೆದು ಪಡಸಾಲೆಯಲ್ಲಿ ತೂಗುಹಾಕಿದರು. ಕೊಂಡ ಎಂಟನೇ ತಿಂಗಳು ಬ್ರಹ್ಮಾವರದ ಹತ್ತಿರ ಬಲಬದಿಯ ಮುಂದಿನ ಚಕ್ರ ಪಂಕ್ಚರ್ ಆಯಿತು. ಅವರು ಗೂಡಿಗೆ ಜಾಕ್ ಕೊಟ್ಟು ನನ್ನನ್ನು ಎತ್ತಿ, ಚಕ್ರ ಬಿಚ್ಚಿ, ಸ್ಟೆಪ್ನಿ ಕೂರಿಸಲು ಒಳಗೆ ಕೈ ಹಾಕಿದ್ದರು. ಗೋಣಿಚೀಲ ಎಷ್ಟು ಹೊತ್ತು ಭಾರ ಹೊರುತ್ತದೆ? ಜಾಕ್ ನನ್ನೊಳಗೆ ನುಗ್ಗಿತು, ನಾನು ಬಿದ್ದೆ. ಬೀಳಬಾರದೆಂದು ನನ್ನಲ್ಲಿದ್ದ ಬಲವನ್ನೆಲ್ಲ ಹಾಕಿದೆ. ಬಲಗಡೆ ಬಲವೇ ಇರಲಿಲ್ಲ. ಬ್ರೇಕ್ ಡ್ರಮ್ಮಿನ ಅಡಿಗೆ ಸಿಕ್ಕಿದ್ದು ಮಾಸ್ಟ್ರ ಬಲಗೈ. ಮೂರು ಬೆರಳು ಹೋದವು.

ತಿಂಗಳು ಕಳೆದು, ಕೈಗೆ ಬ್ಯಾಂಡೇಜ್ ಇದ್ದಂತೆಯೇ, ನನ್ನನ್ನು ಎಳೆಸಿಕೊಂಡು ಮಾಸ್ಟ್ರು ಶೆಡ್ಡಿಗೆ ಬಂದರು. ಬಯ್ಯುತ್ತಾರೆ ಎಂದುಕೊಂಡೆ. ಬಯ್ಯಲಿ ಎಂದೂ ಹಾರೈಸಿದೆ.

"ತಪ್ಪು ನಂದೇ ಪೊರ್ಬುಗಳೇ. ನಾನು ಜಾಕ್ ಕೊಟ್ಟದ್ದು ಸರಿಯಾಗ್ಲಿಲ್ಲ ಅಂತ ಕಾಣ್ತದೆ. ನೀವು ಅಷ್ಟು ಕಷ್ಟಪಟ್ಟು ಮಾಡಿದ್ದನ್ನು ಹಾಳು ಮಾಡಿಬಿಟ್ಟೆ. ಇನ್ನು ನಂಗೆ ಓಡಿಸ್ಲಿಕ್ಕಾಗುದಿಲ್ಲ, ನೀವೇ ಇಟ್ಕೊಳ್ಳಿ."

ನನ್ನ ಬಲಬದಿಯಿಂದ ಗೋಣಿಯ ನಾರು ಜೋತಾಡುತ್ತಿತ್ತು. ಚಿತ್ರ ಬರೆಯುವ ಕಣ್ಣಿಗೂ ಅದು ಕಾಣಲಿಲ್ಲ, ಅಷ್ಟು ನಂಬಿಕೆ. ಪೊರ್ಬು ಬಾಯಿ ತೆರೆದರು. "ಚಾ ಕುಡೀತೀರಾ ಮಾಸ್ಟ್ರೇ?" ಎಂದರು.

ಮಾಸ್ಟ್ರು ಎಡಗೈಯಲ್ಲಿ ಗ್ಲಾಸು ಹಿಡಿದು ಚಾ ಕುಡಿದು, ರಿಕ್ಷಾ ಹತ್ತಿ ಹೋದರು. ಪೊರ್ಬು ನನ್ನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಜೋತಾಡುತ್ತಿದ್ದ ಗೋಣಿಯ ನಾರನ್ನು ಕಿತ್ತು ತೆಗೆದರು. ಆಮೇಲೆ ಎದ್ದು ಕಟ್ಟರ್ ತಂದರು. ಈಗಲಾದರೂ ಬಲಬದಿಯ ಹುಳುಕು ತೆಗೆಯುತ್ತಾರೆ ಎಂದುಕೊಂಡೆ. ಅವರು ಸುತ್ತು ಹಾಕಿ ಎಡಬದಿಗೆ ಬಂದರು. ಪೈಪ್ ಕಟ್ಟಲಿಲ್ಲ, ಆಧಾರ ಕೊಡಲಿಲ್ಲ. ಹದಿನೇಳು ದಿನ ಬಡಿದು ಕೂರಿಸಿದ ತೊಲೆಯನ್ನು ಕೊಯ್ದು, ಪುಟ್ಟಿ ಇದ್ದ ಕಾರಿನಲ್ಲಿ ತನ್ನ ಹೆಸರು ಇರಬಾರದೆಂದೋ ಏನೋ, 'ಬಲ್ತು' ಎಂದು ಗೀರಿದ್ದ ತುಂಡನ್ನು ಬಿಡಿಸಿಕೊಂಡು, ಅದನ್ನು ಶರ್ಟಿನೊಳಗೆ ಇಟ್ಟುಕೊಂಡು ಹೋದರು.

ನನ್ನ ನಡು ಬಿತ್ತು. ಅಂದಿನಿಂದ ಒಂದು ಬಾಗಿಲೂ ಹಾಕಲಾಗುವುದಿಲ್ಲ, ಕೋಳಿ ಒಳಗೆ ಬಂದದ್ದು ಹಾಗೆ. ಪೊರ್ಬು ಈಗಲೂ ಶೆಡ್ಡಿನ ಮುಂದೆ ಕೂರುತ್ತಾರೆ, ಆದರೆ ಪುಟ್ಟಿಯ ಮಾತು ಯಾರಿಗೂ ಹೇಳುವುದಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತೀರಿ ನೀವು ಮನುಷ್ಯರು. ಆಡದೆ ಉಳಿಸಿಕೊಂಡ ಮಾತಿನಿಂದ ಹೋದ ಬೆರಳುಗಳಿಗೆ ಒಂದು ಗಾದೆ ಮಾಡಿಲ್ಲ. ತುಕ್ಕು ನನ್ನ ಒಂದು ಬದಿಯನ್ನು ತಿಂದದ್ದು ಇಪ್ಪತ್ತು ವರ್ಷ ತೆಗೆದುಕೊಂಡು. ಇನ್ನೊಂದು ಬದಿಯನ್ನು, ಅದನ್ನು ಮಾಡಿದ ಕೈಯೇ ಅರ್ಧ ಗಂಟೆಯಲ್ಲಿ ತಿಂದಿತು.