ಬಿಳಿ ಉಡುಪಿನವರಲ್ಲಿ ಒಬ್ಬರು

"ಮೆಲ್ಲಗೆ ತಳ್ಳಿ ಚಿಕ್ಕಪ್ಪ, ಗೋಡೆಗೆ ತಾಗತ್ತೆ," ಎನ್ನುತ್ತ ಮಗಳು ಖಾಲಿ ಸ್ಟ್ರೆಚರನ್ನು ಆಸ್ಪತ್ರೆಯ ಶವಾಗಾರದ ಓಣಿಗೆ ತಿರುಗಿಸಿದಳು. ಅಪ್ಪನನ್ನು ಮಣ್ಣಿಗೆ ಒಯ್ಯಲು ಬಂದವರು ಮೂವರು: ಅವಳು, ಚಿಕ್ಕಪ್ಪ, ಅಪ್ಪ ದುಡಿದ ಪ್ರಯೋಗಾಲಯದ ಹಳೆಯ ಮುಖ್ಯಸ್ಥರು. ಈ ಮೂರನೆಯವರು ಬರದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಬೆಳಗಿನಿಂದ ಅನ್ನಿಸುತ್ತಲೇ ಇತ್ತು.

ಬಾಗಿಲು ಇನ್ನೂ ತೆರೆದಿರಲಿಲ್ಲ. ಮುಖ್ಯಸ್ಥರು ಬೆಂಚಿನ ಮೇಲೆ ಕೂತರು.

"ನಿಮ್ಮಪ್ಪ ಒರೆಸಿದ್ರೆ ಒಂದು ಕಲೆ ಉಳೀತಿರ್ಲಿಲ್ಲಮ್ಮ."

"ಮನೇಲಿ ಮಾತ್ರ ಒಂದು ಲೋಟ ತೊಳೆದೋನಲ್ಲ ನಮ್ಮಣ್ಣ," ಎಂದರು ಚಿಕ್ಕಪ್ಪ. "ಅತ್ತಿಗೆ ರೇಗಿಸೋರು. ಎಲ್ಲರ ಗಂಡಂದಿರಿಗೂ ಅಂಗೈ ಒರಟು, ನಮ್ಮೋರಿಗೆ ಮೊಣಕೈ ಅಂತ!"

ಮೂವರೂ ನಕ್ಕರು.

"ನೀನೂ ಒಂದ್ಸಲ ಶಾಲೆಯವ್ರ ಜೊತೆ ಬಂದಿದ್ದೆ ಅಲ್ವಾ?" ಎಂದು ಮುಖ್ಯಸ್ಥರು ಕೇಳಿದರು. ಅವಳ ನಗು ಅಲ್ಲಿಗೇ ನಿಂತಿತು.

*

ನಕ್ಷತ್ರಗಳಿಂದ ಬರುವ ಎಕ್ಸ್-ರೇ ಹಿಡಿಯುವ ದೂರದರ್ಶಕದ ಕನ್ನಡಿಗಳನ್ನು ಆಕಾಶಕ್ಕೆ ಕಳಿಸುವ ಮೊದಲು ಪರೀಕ್ಷಿಸಬೇಕು. ಅದಕ್ಕಾಗಿ ಆಗ ಆ ಪ್ರಯೋಗಾಲಯ ಕಟ್ಟುತ್ತಿದ್ದರು. ಒಂದು ಬೀದಿಯಷ್ಟು ಉದ್ದದ ಉಕ್ಕಿನ ಕೊಳವೆ. ಈ ತುದಿಯಿಂದ ಬಿಟ್ಟ ಎಕ್ಸ್-ರೇ ಆ ತುದಿಯ ಕನ್ನಡಿಗೆ ಬೀಳಬೇಕು. ನಡುವೆ ಗಾಳಿ ಇರಬಾರದು, ಧೂಳು ಜಿಡ್ಡಂತೂ ಇರಲೇಬಾರದು. ಬೆಸುಗೆ ಮುಗಿದಂತೆಲ್ಲ ಯಾರಾದರೂ ಒಳಗೆ ಮೊಣಕೈ ಊರಿ ತೆವಳಿ ಒರೆಸಬೇಕಿತ್ತು. ಹಾಗೆ ತೆವಳುತ್ತಿದ್ದವರು ಅಪ್ಪ.

ಶಾಲೆಯಲ್ಲಿ ಅವಳು ಹೇಳಿದ್ದೇ ಬೇರೆ. ಅಪ್ಪ ವಿಜ್ಞಾನಿ, ಕನ್ನಡಿ ಪರೀಕ್ಷೆ ಮಾಡುವವರು. ಸುಳ್ಳಿಗೆ ಕಾಲಿಲ್ಲ ಎನ್ನುತ್ತಾರೆ. ಅವಳ ಸುಳ್ಳು ಇಡೀ ತರಗತಿಯನ್ನೇ ಬಸ್ಸು ಹತ್ತಿಸಿಕೊಂಡು ಬಂತು.

ಗಾಜಿನಾಚೆ ಎಲ್ಲರಿಗೂ ತಲೆಯಿಂದ ಕಾಲಿನವರೆಗೆ ಬಿಳಿ ಉಡುಪು. ಕಾಣುತ್ತಿದ್ದದ್ದು ಕಣ್ಣು ಮಾತ್ರ.

"ಇವ್ರಲ್ಲಿ ನಿಮ್ಮಪ್ಪ ಯಾರೇ?" ಗೆಳತಿ ಕೇಳಿದಳು.

ಅಪ್ಪ ಆಗಷ್ಟೇ ಕೊಳವೆಯಿಂದ ಹಿಂದುಹಿಂದಾಗಿ ತೆವಳಿ ಹೊರಬಂದು, ಒರೆಸುವ ಬಟ್ಟೆ ಹಿಡಿದೇ ಎದ್ದು ನಿಂತಿದ್ದರು. ಅವಳನ್ನು ಕಂಡು ಕೈ ಎತ್ತಲು ಹೊರಟಿದ್ದರು. ಅವಳು ಕನ್ನಡಿಯ ಬಳಿ ನಿಂತಿದ್ದ ಮುಖ್ಯಸ್ಥರ ಕಡೆಗೆ ಬೆರಳು ತೋರಿಸಿದಳು. ಪಾಪ, ಏನೂ ತಿಳಿಯದ ಮುಖ್ಯಸ್ಥರು ಕೈ ಬೀಸಿದರು.

ಅಪ್ಪ ಆ ಬೆರಳನ್ನು ನೋಡಿದರು. ಮತ್ತೆ ಬಗ್ಗಿ ಕೊಳವೆಯೊಳಕ್ಕೆ ಹೋದರು. ಮಕ್ಕಳು ಹೊರಡುವವರೆಗೂ ಈಚೆ ಬರಲಿಲ್ಲ.

ಸಂಜೆ ಮನೆಯಲ್ಲಿ, "ನಿಮ್ಮ ಶಾಲೆಯವ್ರು ಬಂದಿದ್ರಂತೆ? ನಾನು ಒಳಗಿದ್ನಲ್ಲ ಪುಟ್ಟಿ, ಗೊತ್ತೇ ಆಗ್ಲಿಲ್ಲ ನೋಡು," ಎಂದರು. ಅವಳು ನಾಚಿಕೆಯಿಂದ ಊಟ ಅರ್ಧಕ್ಕೇ ಬಿಟ್ಟು ಎದ್ದಳು. ಆ ಮಾತು ಇಬ್ಬರ ನಡುವೆ ಮತ್ತೆಂದೂ ಬರಲಿಲ್ಲ.

*

ಶವಾಗಾರದವನು ಬಾಗಿಲು ತೆರೆದ. ಒಳಗೆ ಸಾಲಾಗಿ, ಬಿಳಿ ಬಟ್ಟೆ ಹೊದಿಸಿದ ದೇಹಗಳು.

"ಮನೆಯವ್ರೇ ಗುರುತು ಹೇಳ್ಬೇಕು. ಇವ್ರಲ್ಲಿ ನಿಮ್ಮಪ್ಪ ಯಾರಮ್ಮ?"

ಮುಖ್ಯಸ್ಥರು ಅವಳ ಪಕ್ಕದಲ್ಲೇ ಇದ್ದರು. ಕೊನೆಯ ಮಂಚದಲ್ಲಿ ಬಟ್ಟೆ ಸರಿದು ಒಂದು ಮೊಣಕೈ ಹೊರಗೆ ಕಾಣುತ್ತಿತ್ತು. ಕಪ್ಪಗೆ, ಜಡ್ಡುಗಟ್ಟಿದ ಮೊಣಕೈ. ಅವಳು ಬೆರಳು ತೋರಿಸಲಿಲ್ಲ. ಹೋಗಿ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಇವ್ರು ನಮ್ಮಪ್ಪ," ಎಂದಳು. ಯಾರೂ ಕೇಳದಿದ್ದರೂ ಮತ್ತೆ ಹೇಳಿದಳು, "ಕೊಳವೆ ಒರೆಸ್ತಿದ್ರು."

"ಸರಿ, ಕೈ ಬಿಡಿ ಅಮ್ಮ, ಎತ್ತಬೇಕು."

ಅವಳು ಬಿಡಲಿಲ್ಲ.